ಒಂದು ಪರವಾನಗಿ, ಎರಡು ಪೆಟ್ಟಿಗೆ

ಧಾರವಾಡದಿಂದ ಹೊರಟ ಬೆಳಗಿನ ಮೋಟಾರಿನಲ್ಲಿ ನನಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ದೇಸಾಯಿ ಬರುವವರೆಗೆ ಅದು ನನ್ನದೇ ಆಗಿತ್ತು. ಅವನು ಮೆಟ್ಟಿಲು ಹತ್ತುತ್ತಲೇ ಕಂಡಕ್ಟರು, “ಏನ್ರೀ ದೇಸಾಯರ, ನೀವು ಮೋಟಾರಿನ್ಯಾಗ?” ಎಂದು ನಕ್ಕು, ನನ್ನ ಕಡೆ ತಿರುಗಿ, “ಸ್ವಲ್ಪ ಈಚೆ ಸರೀರಿ, ಸಾಹೇಬ್ರು ಅಲ್ಲೆ ಕುಂದರ್ಲಿ” ಎಂದ. ದೇಸಾಯಿ ಸೀಟು ಕೇಳಿರಲಿಲ್ಲ. ಅವನು ಯಾವುದನ್ನೂ ಕೇಳುತ್ತಿರಲಿಲ್ಲ. ಹುಬ್ಬಳ್ಳಿ ದಾಟುವ ಮೊದಲೇ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ. ಮೋಟಾರಿನಲ್ಲಿ ಹಾಗೆ ನಿದ್ದೆ ಮಾಡುವುದು ನನಗೆ ಈ ಜನ್ಮದಲ್ಲಿ ಸಾಧ್ಯವಾಗಿಲ್ಲ. ಅದರ ಮೇಲೂ ನನಗೆ ಹೊಟ್ಟೆಕಿಚ್ಚಿತ್ತು.

ನಾವಿಬ್ಬರೂ ಒಂದೇ ಕಾಲೇಜಿನ ಒಂದೇ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದೆವು. ಎಂ.ಎಸ್ಸಿ. ಪರೀಕ್ಷೆಯಲ್ಲಿ ನಾನು ಅವನಿಗಿಂತ ಮೇಲೆ ಬಂದಿದ್ದೆ. ಇದನ್ನು ಇಲ್ಲಿ ಹೇಳದಿದ್ದರೆ ಮತ್ತೆಲ್ಲೂ ಹೇಳುವವರು ಯಾರೂ ಇಲ್ಲ. ನಮ್ಮಪ್ಪ ನವಲಗುಂದ ಕಡೆಯ ಹಳ್ಳಿಯಲ್ಲಿ ಎಣ್ಣೆಯ ಗಾಣ ಹೊಡೆಯುತ್ತಿದ್ದ. ನಮ್ಮ ಮನೆತನದಲ್ಲಿ ಹೆಸರು ಬರೆಯಲು ಕಲಿತವನು ನಾನೇ ಮೊದಲಿಗ, ಪದವಿ ಪಡೆದವನೂ ನಾನೇ. ಪ್ರಸಾದನಿಲಯದಲ್ಲಿ ಉಂಡು, ಮಂದಿಯ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಓದಿದೆ. ದೇಸಾಯಿಯ ಅಪ್ಪ ವಕೀಲರು, ಅಜ್ಜ ಇನಾಮುದಾರರು. ನಮ್ಮ ಪ್ರೊಫೆಸರು ಅವನನ್ನು ‘ವಿರೂಪಾಕ್ಷ’ ಎಂದು ಕರೆಯುತ್ತಿದ್ದರು. ನನ್ನನ್ನು ‘ಗಾಣಿಗೇರ’ ಎನ್ನುತ್ತಿದ್ದರು.

ಆ ವರ್ಷ ಮುಂಬೈಯ ಒಂದು ದೊಡ್ಡ ಪ್ರಯೋಗಶಾಲೆ ನಮ್ಮ ಕಡೆಯಿಂದ ಒಬ್ಬನನ್ನು ಒಂದು ವರ್ಷದ ಮಟ್ಟಿಗೆ ತೆಗೆದುಕೊಳ್ಳಲು ಒಪ್ಪಿತ್ತು. ಔಷಧಿಯ ಗಿಡಗಳ ತೊಗಟೆಯಲ್ಲಿ ರೋಗಾಣುಗಳನ್ನು ಕೊಲ್ಲುವ ಗುಣ ಎಷ್ಟಿದೆ, ಎಣ್ಣೆ ಗಾಳಿಗೆ ಕಮಟಾಗುವುದನ್ನು ತಡೆಯುವ ಗುಣ ಎಷ್ಟಿದೆ ಎಂದು ಅಲ್ಲಿ ನೋಡುತ್ತಿದ್ದರು. ಪ್ರೊಫೆಸರು ನಮ್ಮಿಬ್ಬರನ್ನೂ ಕರೆದು, “ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕು ತಿರುಗಿ ಬನ್ನಿ. ನಿಮ್ಮ ನಿಮ್ಮ ಗಿಡ ನೀವೇ ಆರಿಸಿಕೊಳ್ಳಿ. ಯಾರ ತೊಗಟೆ ಹೆಚ್ಚು ಕೆಲಸ ಮಾಡುತ್ತದೋ ಅವರು ಮುಂಬೈಗೆ” ಎಂದರು. ಸಿದ್ಧಾಂತ ಸರಳ. ಗಾಜಿನ ತಟ್ಟೆಯಲ್ಲಿ ಅಗರ್ ಎಂಬ ಪಾಚಿಯ ಅಂಟು ಹೊಯ್ದು ಅದರ ಮೇಲೆ ಕೀವಿನ ರೋಗಾಣು ಹಚ್ಚುವುದು. ತೊಗಟೆಯ ರಸದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ನಡುವೆ ಇಡುವುದು. ಮರುದಿನ ಬಿಲ್ಲೆಯ ಸುತ್ತ ರೋಗಾಣು ಬೆಳೆಯದೆ ಬಯಲು ಬಿದ್ದಿದ್ದರೆ ತೊಗಟೆಯಲ್ಲಿ ಸತ್ವವಿದೆ. ಬಯಲು ಅಗಲವಾದಷ್ಟೂ ಸತ್ವ ಹೆಚ್ಚು. ಎಣ್ಣೆಯ ಪರೀಕ್ಷೆ ಇನ್ನೂ ಸರಳ: ಶೇಂಗಾ ಎಣ್ಣೆಗೆ ರಸ ಬೆರೆಸಿ ಬಿಸಿಲಿಗಿಟ್ಟು, ದಿನವೂ ಮೂಸುವುದು. ಗಾಣಿಗನ ಮಗನಿಗೆ ಮೂಗಿನ ಪರೀಕ್ಷೆ ಕಲಿಸುವ ಅಗತ್ಯವಿರಲಿಲ್ಲ.

ತೊಗಟೆಯನ್ನು ಹಸಿಯಾಗಿ ಸುಲಿದು ಕೂಡಲೇ ಸ್ಪಿರಿಟ್ಟಿನಲ್ಲಿ ಮುಳುಗಿಸಬೇಕಿತ್ತು. ಅದಕ್ಕಾಗಿ ಇಬ್ಬರಿಗೂ ಒಂದೊಂದು ತಗಡಿನ ಪೆಟ್ಟಿಗೆ ಕೊಟ್ಟಿದ್ದರು. ಒಳಗೆ ಭತ್ತದ ಹೊಟ್ಟಿನಲ್ಲಿ ಹುದುಗಿಸಿದ ಬೂಚಿನ ಬಾಟಲಿಗಳು, ಬಾಟಲಿಗಳಲ್ಲಿ ಸ್ಪಿರಿಟ್ಟು. ಮೈಸೂರು ರಾಜ್ಯಕ್ಕೆ ಸೇರಿ ವರ್ಷಗಳಾಗಿದ್ದರೂ ನಮ್ಮ ಕಡೆ ಮುಂಬೈ ಸರಕಾರದ ಕಾಲದ ದಾರೂಬಂದಿ ಹಾಗೆಯೇ ಇತ್ತು. ಸ್ಪಿರಿಟ್ಟು ಒಯ್ಯಲು ಪರವಾನಗಿ ಬೇಕು. ಪರವಾನಗಿ ಬಂದಿತ್ತು, ದೇಸಾಯಿಯ ಹೆಸರಿನಲ್ಲಿ. ಅವನು ಅದನ್ನು ಮಡಿಸಿ ಕೋಟಿನ ಒಳಜೇಬಿಗೆ ಹಾಕಿಕೊಂಡು, “ಎರಡೂ ಪೆಟಿಗಿಗೆ ಇದ ಸಾಕು” ಎಂದ. ಅದನ್ನು ತೆಗೆದು ಓದಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಶಿಗ್ಗಾವಿಗೆ ಮುಟ್ಟುವಾಗ ಬಿಸಿಲೇರಿತ್ತು. ಮಾಘ ಮಾಸ, ನೆರಳಿನಲ್ಲಿ ಚಳಿ, ಬಿಸಿಲಿನಲ್ಲಿ ಸೆಕೆ. ರಸ್ತೆಯ ಎರಡೂ ಬದಿಗೆ ಹತ್ತಿ ಬಿಡಿಸುವ ಹೆಂಗಸರು. ಖಾನಾವಳಿ ಹುಡುಕೋಣವೆಂದು ನಾನು ಹೇಳುವಷ್ಟರಲ್ಲಿ ದೇಸಾಯಿ, “ಹುಚ್ಚೇನು? ಇಲ್ಲೆ ನಮ್ಮ ಅತ್ತಿ ಮನಿ ಐತಿ” ಎಂದು ಮುಂದಾದ. ಅವನ ಸೋದರತ್ತೆ ತುಂಬಿದ ಮನೆಯ ಯಜಮಾನಿ. ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆ ಮೊಸರು, ಮೇಲೊಂದು ಸಜ್ಜಿಗೆಯ ಹೋಳಿಗೆ. ನನಗೂ ಬಡಿಸಿದರು, ಕಡಿಮೆಯೇನೂ ಬಡಿಸಲಿಲ್ಲ. ಆದರೆ ಬಡಿಸುತ್ತ ಕೇಳಿದರು: “ನೀವು ಯಾರ ಪೈಕಿ?”

“ನವಲಗುಂದ ಕಡೆಯವರ್ರಿ. ಗಾಣಿಗೇರು.”

“ಹೌದಾ? ಹಂಗಾದ್ರ ನಮ್ಮ ಮನಿಗೆ ಎಣ್ಣಿ ಕೊಡೋ ನಿಂಗಪ್ಪ ನಿಮಗೇನಾಗಬೇಕು?”

ಏನೂ ಆಗಬೇಕಾಗಿರಲಿಲ್ಲ. ದೇಸಾಯಿ ನಗುತ್ತ, “ಅತ್ತಿ, ಇಂವ ನಮ್ಮ ಕ್ಲಾಸಿಗೇ ಮೊದಲನೇದವ” ಎಂದ. “ಛಲೋ ಆತು ಬಿಡಪಾ, ಇನ್ನೊಂದ್ ಹೋಳಿಗಿ ಹಾಕ್ಕೋ” ಎಂದು ಅವರು ಅವನ ತಾಟಿಗೇ ಹಾಕಿದರು.

ಊಟವಾದ ಮೇಲೆ ಅತ್ತೆಯ ಹಿತ್ತಲಿನ ಬೇವನ್ನೂ ಬಾವಿಯ ಹತ್ತಿರದ ಹೊಂಗೆಯನ್ನೂ ದೇಸಾಯಿ ತನ್ನ ಲೆಕ್ಕಕ್ಕೆ ತೆಗೆದುಕೊಂಡ. ತಾನು ಕಟ್ಟೆಯ ಮೇಲೆ ಕುಳಿತು ಆಳಿಗೆ ಬೆರಳು ಮಾಡಿ ತೋರಿಸಿದ, ಆಳು ಸುಲಿದ. ನಾನು ಊರ ಹೊರಗೆ ನಡೆದು, ಹಳ್ಳದ ದಂಡೆಯ ನೇರಳೆ ಮರ ಹುಡುಕಿ, ನನ್ನ ಕೈಯಿಂದಲೇ ಕುಡಗೋಲು ಹಾಕಿದೆ. ಮರಕ್ಕೆ ಸುತ್ತಲೂ ಗಾಯ ಮಾಡದೆ ಒಂದೇ ಬದಿಗೆ ಉದ್ದಕ್ಕೆ ಸೀಳಿ ಎಬ್ಬಿಸಿದರೆ ಮರ ಉಳಿಯುತ್ತದೆ. ಬಾಟಲಿಗೆ ಹಾಕಿ ಬೂಚು ಬಿಗಿದಾಗ ಅಂಗೈ ನೀಲಿಗೆಂಪಾಗಿತ್ತು. ಮನಸ್ಸು ಸ್ವಲ್ಪ ತಂಪಾಯಿತು.

ಮರುದಿನ ಬಂಕಾಪುರದ ಮೇಲೆ ಹಾಯ್ದು ಹಾನಗಲ್ಲಿಗೆ ಹೋದೆವು. ಚಾರ್ಜು ಹನ್ನೆರಡಾಣೆಯ ಆಸುಪಾಸು. ಹೊಸ ಪೈಸೆ ಬಂದಿದ್ದರೂ ಕಂಡಕ್ಟರೂ ಜನರೂ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದರು. ದೂಳು ಎಷ್ಟಿತ್ತೆಂದರೆ ಇಳಿದಾಗ ದೇಸಾಯಿಯ ಬಿಳಿ ಶರ್ಟೂ ನನ್ನ ಖಾದಿ ಅಂಗಿಯೂ ಒಂದೇ ಬಣ್ಣಕ್ಕೆ ಬಂದಿದ್ದವು. ನಾಲ್ಕು ತಾಲೂಕಿನಲ್ಲಿ ನಾವಿಬ್ಬರು ಸರಿಸಮಾನವಾಗಿ ಕಂಡದ್ದು ಆ ಒಂದು ಗಳಿಗೆ ಮಾತ್ರ.

ಹಾನಗಲ್ಲಿನಲ್ಲಿ ಅವನ ಸೋದರಮಾವ. ಪೇಟೆಯಲ್ಲಿ ಬೆಲ್ಲದ ದಲಾಲಿ ಅಂಗಡಿ, ಪಡುವಣ ದಿಕ್ಕಿಗೆ ಕಾಡಿನ ಅಂಚಿನಲ್ಲಿ ಗದ್ದೆ. ಗದ್ದೆಯ ಬದುವಿನಲ್ಲಿ ಒಂದು ಹೊನ್ನೆ ಮರ ನಿಂತಿತ್ತು. ಅಂಥ ಹೊನ್ನೆಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಕುಡಗೋಲಿನ ಬಾಯಿ ತಾಗಿದ್ದೇ ತಡ, ತೊಗಟೆಯಿಂದ ಕೆಂಪು ರಸ ಮಾಂಸ ಕೊಯ್ದಂತೆ ಇಳಿಯಿತು. ಪ್ರೊಫೆಸರು ಹೊನ್ನೆಯ ಬಗ್ಗೆ ಎಷ್ಟು ಸಲ ಹೇಳಿದ್ದರೋ! ಸಕ್ಕರೆ ರೋಗಕ್ಕೆ, ಹುಣ್ಣಿಗೆ, ಭೇದಿಗೆ. ಮುಂಬೈಯವರು ಕೇಳಿದ್ದೂ ಅದನ್ನೇ. ಆ ಮರ ದೇಸಾಯಿಯ ಮಾವನ ಬದುವಿನಲ್ಲಿ ಇವನ ದಾರಿ ಕಾಯುತ್ತ ಬೆಳೆದಿತ್ತು.

“ನೀನೂ ಒಂದ್ ಚಕ್ಕಿ ತಗೋ, ಮರ ಏನ್ ಮುಗೀತೇನು?” ಎಂದ ದೇಸಾಯಿ.

“ನನ್ನ ಗಿಡ ನಾ ಹುಡುಕ್ಕೋತೇನಿ.”

“ಹುಡುಕ್ಕೋಪಾ. ಕಾಡ್ನ್ಯಾಗ ಕರಡಿ ಇರ್ತಾವ, ಅವಕ್ಕೂ ನಿನ್ನ ಎಂ.ಎಸ್ಸಿ. ನಂಬರ್ ಹೇಳು.”

ಅವನ ಮಾವನ ಆಳುಗಳೆಲ್ಲ ನಕ್ಕರು. ನಾನು ಕಾಡು ಹೊಕ್ಕೆ. ಕರಡಿ ಸಿಗಲಿಲ್ಲ, ಮಧ್ಯಾಹ್ನ ತಿರುಗುವವರೆಗೆ ನಡೆದು ಒಂದು ಮುದಿ ಮತ್ತಿ ಮರವನ್ನೂ ಒಂದು ಅಳಲೆಯನ್ನೂ ಹಿಡಿದೆ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಒಡೆದಿತ್ತು. ನೀರಡಿಕೆಯಾಗಿ ಅದರ ಮೈಗೆ ಗೀರು ಹಾಕಿದಾಗ ನೀರು ಜಿನುಗಿತು. ನಾಲಿಗೆ ಹಚ್ಚಿದೆ, ಒಗರು. ಅಳಲೆ ತೊಗಟೆ ಅದಕ್ಕಿಂತ ಒಗರು. ಒಗರೆಂದರೆ ಸತ್ವ ಎನ್ನುವಷ್ಟು ನನಗೆ ಗೊತ್ತಿತ್ತು. ಹಾನಗಲ್ಲಿನ ಆ ಎರಡು ಬಾಟಲಿಗಳ ಮೇಲೆ ನಾನು ಮುಂಬೈಯನ್ನು ಕಟ್ಟಿಕೊಂಡೆ. ಆ ರಾತ್ರಿ ಮಾವನ ಮನೆಗೆ ಹೋಗದೆ ಖಾನಾವಳಿಯಲ್ಲಿ ಅನ್ನ, ಹುರುಳಿ ಸಾರು ಉಂಡೆ. ಅನ್ನ ಚೆನ್ನಾಗಿತ್ತು, ಸಾರಿನ ಮಾತು ಬೇಡ.

ಹಾನಗಲ್ಲಿನಿಂದ ಹಿರೇಕೆರೂರು ಮೂವತ್ತು ಮೈಲಿನಷ್ಟು. ಗದ್ದೆ ಮುಗಿದು ಜೋಳದ ಹೊಲಗಳು ಬರುತ್ತವೆ, ಗಾಳಿ ಒಣಗುತ್ತದೆ. ಒಂದು ಊರಿನ ಹತ್ತಿರ ಮೋಟಾರಿನ ಟಾಯರು ಕೂತಿತು. ಹೊಲದವರು ಜೋಳದ ಹಾಲುತೆನೆ ಸುಟ್ಟು ಸೀತನಿ ತಿನ್ನುತ್ತಿದ್ದರು. ಕರೆದು ನಮಗೂ ಕೊಟ್ಟರು. ಬೆಲ್ಲ, ಶೇಂಗಾ ಹಿಂಡಿಯ ಜೊತೆ ಅಂಥ ರುಚಿ ಯಾವ ಹೋಳಿಗೆಗೂ ಇಲ್ಲ. ಅಲ್ಲಿ ದೇಸಾಯಿಯ ಬೀಗರು ಯಾರೂ ಇರಲಿಲ್ಲವೆಂಬುದೂ ರುಚಿಗೆ ಕಾರಣವಿರಬಹುದು.

ಹಿರೇಕೆರೂರಿನ ಸೀಮೆಯಲ್ಲಿ ನಾನು ಆರಿಸಿದ್ದು ಜಾಲಿ. ದೇಸಾಯಿ ಹಣೆ ಹಣೆ ಬಡಿದುಕೊಂಡು ನಕ್ಕ. “ಜಾಲಿ? ಮುಳ್ಳು ಕಂಟಿಯೊಳಗ ಏನ್ ಔಷಧ ಐತೋ ಮಾರಾಯ? ಬೇಲಿಗೆ ಹಚ್ಚೋ ಗಿಡ ಅದು.” ನಮ್ಮ ಊರಲ್ಲಿ ಹಲ್ಲುಜ್ಜುವುದು ಜಾಲಿ ಕಡ್ಡಿಯಿಂದ, ವಸಡು ಬಾತರೆ ಅವ್ವ ಅದರ ತೊಗಟೆ ಕುದಿಸಿ ಬಾಯಿ ಮುಕ್ಕಳಿಸಲು ಕೊಡುತ್ತಿದ್ದಳು. ಇದನ್ನು ಅವನಿಗೆ ಹೇಳಲಿಲ್ಲ. ಮುಳ್ಳು ಚುಚ್ಚಿಸಿಕೊಂಡು ಸುಲಿದೆ. ತೊಗಟೆ ಹಾಕದೆ ಉಳಿದಿದ್ದ ಬಾಟಲಿಗೆ ಕೆಲವೇ ಚೂರು ಹಿಡಿಸಿದವು. ಇಷ್ಟು ಒಳ್ಳೆಯ ತೊಗಟೆ ಬಿಡುವ ಮನಸ್ಸಾಗದೆ ಮಿಕ್ಕಿದ್ದನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ಹೊಲಿದೆ. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವನು ನಾನು, ಆ ಚೀಲ ಹೊತ್ತು ಪೇಟೆಗೆ ಬರುವಾಗ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಪ್ರಯೋಗಶಾಲೆಯ ತಲೆ ನನ್ನದು.

ಮೋಟಾರು ಸ್ಟ್ಯಾಂಡಿನಲ್ಲಿ ಹಾವೇರಿಯ ಮೋಟಾರಿಗೆ ಹೊತ್ತಿತ್ತು. ದೇಸಾಯಿ, “ನಮ್ಮ ದೊಡ್ಡಪ್ಪನ ಮಗಳು ಇಲ್ಲೇ ಇರ್ತಾಳ, ಉಂಡು ಬರೋಣ ಬಾ” ಎಂದ. ನಾನು ಬರುವುದಿಲ್ಲ, ಸಾಮಾನು ಕಾಯುತ್ತೇನೆ ಎಂದೆ. ಅವನು ಕೋಟು ತೊಟ್ಟುಕೊಂಡು ಹೋದ. ನಾನು ಎರಡು ಪೆಟ್ಟಿಗೆ, ಒಂದು ಮೂಟೆಯ ನಡುವೆ ಕುಳಿತು ಚುರುಮುರಿ ತಿನ್ನುತ್ತಿದ್ದೆ. ಬಂದ ದಾರಿಯ ಕುಲುಕಾಟಕ್ಕೆ ಯಾವುದೋ ಬೂಚು ಸಡಿಲಾಗಿತ್ತು. ಹೊಟ್ಟು ನೆನೆದು ಸ್ಪಿರಿಟ್ಟಿನ ವಾಸನೆ ಸ್ಟ್ಯಾಂಡಿನ ತುಂಬ ಹರಡಿತು. ಮಲಗಿದ್ದ ಮುದುಕನೊಬ್ಬ ಎದ್ದು ಕುಳಿತು ಗಾಳಿ ಬಂದ ದಿಕ್ಕಿಗೆ ಮುಖ ಮಾಡಿದ. ಅವನ ಹಿಂದೆಯೇ ಪೊಲೀಸ್ ಪೇದೆ ಬಂದ. ಮೊದಲು ಪೆಟ್ಟಿಗೆ ಮೂಸಿದ. ಆಮೇಲೆ ಮೂಟೆಗೆ ಕೈ ಹಾಕಿ ಒಂದು ಚಕ್ಕೆ ಎಳೆದ. ಅವನ ಮುಖ ಅರಳಿತು.

ನಮ್ಮ ಸೀಮೆಯಲ್ಲಿ ಕಳ್ಳಭಟ್ಟಿ ಇಳಿಸುವವರು ಬೆಲ್ಲದ ಕೊಳೆಗೆ ಹಾಕುವುದು ಜಾಲಿ ಚಕ್ಕೆಯನ್ನೇ. ಇದು ಎಲ್ಲ ಹುಡುಗರಿಗೂ ಗೊತ್ತು, ನನಗೂ ಗೊತ್ತಿತ್ತು. ದಾರೂಬಂದಿಯ ಜಿಲ್ಲೆಯಲ್ಲಿ ಒಂದು ಮೂಟೆ ಜಾಲಿ ಚಕ್ಕೆಯನ್ನೂ ಎರಡು ಪೆಟ್ಟಿಗೆ ಸ್ಪಿರಿಟ್ಟನ್ನೂ ಇಟ್ಟುಕೊಂಡು ನಡುಪೇಟೆಯಲ್ಲಿ ಚುರುಮುರಿ ತಿನ್ನುತ್ತ ಕುಳಿತವನು ನಾನೊಬ್ಬನೇ ಇರಬೇಕು.

ಪೇದೆ ನನ್ನನ್ನು ಸಾಮಾನಿನ ಸಮೇತ ಚೌಕಿಗೆ ಒಯ್ದ. ಅಲ್ಲಿಯ ಫೌಜದಾರರು ಗಂಭೀರ ಮನುಷ್ಯ, ದೊಡ್ಡ ಮೀಸೆ, ಮೆಲುದನಿ. “ಏನಿದು?” ಎಂದರು.

ನಾನು ಎದೆ ಸೆಟೆಸಿ, “ಔಷಧೀಯ ವೃಕ್ಷಗಳ ತೊಗಟೆಯ ಸಂಶೋಧನೆ” ಎಂದೆ.

“ಸಾಹೇಬ್ರ, ಭಟ್ಟಿಯವ್ರೂ ಸಂಶೋಧನಾನ ಮಾಡ್ತಾರ್ರಿ” ಎಂದ ಪೇದೆ.

“ಎಲ್ಲಿ ಕಲ್ತಿ ಈ ಕೆಲಸ?” ಎಂದರು ಫೌಜದಾರರು.

“ಧಾರವಾಡದಾಗ್ರಿ. ಎಂ.ಎಸ್ಸಿ. ಆಗೇತ್ರಿ.”

ಫೌಜದಾರರು ಪೇದೆಯ ಮುಖ ನೋಡಿದರು. “ಇದಕ್ಕೂ ಈಗ ಎಂ.ಎಸ್ಸಿ. ಬೇಕಾತೇನೋ?”

ಹೊರಗೆ ಗೋಡೆಯಾಚೆ ಜನ ಸೇರಿದ್ದರು. ನಕ್ಕ ಸದ್ದು ಕೇಳಿಸಿತು. ಪದವಿಯನ್ನು ಇಷ್ಟು ಕಷ್ಟಪಟ್ಟು ಗಳಿಸಿದ್ದು ಹಿರೇಕೆರೂರಿನ ಮಂದಿ ನಗಲಿಕ್ಕೆಂದು ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಸ್ಟ್ಯಾಂಡಿನಲ್ಲಿ ಸುದ್ದಿ ಕೇಳಿ ದೇಸಾಯಿ ಎಲೆ ಅಡಿಕೆ ಜಗಿಯುತ್ತ ಬಂದ. ಒಂದು ಕೈಯಲ್ಲಿ ನನಗೆಂದು ಅವನ ಅಕ್ಕ ಕಟ್ಟಿಕೊಟ್ಟ ರೊಟ್ಟಿಯ ಗಂಟು. ಅವನು ಹೊಸ್ತಿಲು ದಾಟುತ್ತಲೇ ಪೇದೆ ಎದ್ದು ನಿಂತ. ಯಾಕೆ ಎದ್ದನೆಂದು ಪೇದೆಗೂ ಗೊತ್ತಿರಲಾರದು.

ದೇಸಾಯಿ ಪರವಾನಗಿ ತೆಗೆದು ಕೊಟ್ಟ. ಫೌಜದಾರರು ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು. ನಾವಿಬ್ಬರೂ ಅಲ್ಲಿಯವರೆಗೆ ಮಾಡದ ಕೆಲಸವನ್ನು ಅವರು ಮಾಡಿದರು. “ಇದರಾಗ ಒಂದ ಪೆಟಿಗಿ ಐತಿ. ಹೆಸರೂ ಒಂದ ಐತಿ. ಎರಡನೇದು ಯಾವ ಲೆಕ್ಕ?”

“ಕಚೇರಿಯವ್ರು ತಪ್ಪಿ ಬರದಾರ್ರಿ” ಎಂದ ದೇಸಾಯಿ.

“ಇರಬಹುದ್ರಿ. ನೀವು ಓದಿದವ್ರು, ನಿಮ್ಮ ಮ್ಯಾಲೆ ಖಟ್ಲೆ ಹಾಕೂದಿಲ್ಲ. ಆದ್ರ ಕಾಗದದಾಗ ಎಷ್ಟೈತಿ ಅಷ್ಟ ಹೋಗ್ತೈತಿ. ಒಂದು ಒಯ್ರಿ, ಒಂದು ಚೆಲ್ಲತೇವಿ. ಯಾವ್ದು ಅಂತ ನೀವ ಹೇಳ್ರಿ. ಪರವಾನಗಿ ನಿಮ್ದು.”

ದೇಸಾಯಿ ನನ್ನ ಕಡೆ ನೋಡಿದ. ಆಮೇಲೆ ಫೌಜದಾರರ ಕಡೆ ನೋಡಿ ಬಾಯಿ ತೆರೆದ. ಆ ಮುಖವನ್ನು ನಾನು ಬಲ್ಲೆ. ಪ್ರಸಾದನಿಲಯದ ದಿನಗಳಿಂದ ಅಂಥ ಮುಖಗಳನ್ನು ನೋಡಿದ್ದೇನೆ. ಹಳೆಯ ಕೋಟು ಕೊಡುವವರ ಮುಖ, ಓದಿ ಮುಗಿಸಿದ ಪುಸ್ತಕ ಕೊಡುವವರ ಮುಖ. ಇವನು ತನ್ನ ಪೆಟ್ಟಿಗೆ ಚೆಲ್ಲಿಸಿ ನನ್ನದನ್ನು ಉಳಿಸಿಬಿಡುತ್ತಾನೆ ಎಂದು ಖಾತ್ರಿಯಾಯಿತು. ಮುಂಬೈಯಲ್ಲಿ ನಾನು ಉಣ್ಣುವ ಒಂದೊಂದು ತುತ್ತೂ ದೇಸಾಯಿ ಬಿಟ್ಟುಕೊಟ್ಟದ್ದಾಗುತ್ತದೆ. ಊರೆಲ್ಲ ಅವನನ್ನು ಹೊಗಳುತ್ತದೆ. ಕೊಡುವ ಸುಖವೂ ಅವನಿಗೇ ಸಿಗಬೇಕೆ?

“ನಂದು ಚೆಲ್ರಿ!” ಎಂದೆ. ಚೌಕಿಯ ಹೊರಗಿನವರಿಗೂ ಕೇಳಿಸುವಂತೆ ಹೇಳಿದೆ.

ಪೇದೆ ಪೆಟ್ಟಿಗೆಯನ್ನು ಅಂಗಳಕ್ಕೆ ಒಯ್ದು ಒಂದೊಂದೇ ಬಾಟಲಿಯನ್ನು ತೊಗಟೆ ಸಮೇತ ಬಗ್ಗಿಸಿದ. ಶಿಗ್ಗಾವಿಯ ನೇರಳೆ ಮಣ್ಣಿಗೆ ಹೋಯಿತು. ಹಾನಗಲ್ಲಿನ ಮತ್ತಿ ಕೆಂಪಗೆ ಹರಿಯಿತು, ಅಳಲೆ ಹಳದಿಯಾಗಿ. ಗೋಡೆಯ ಮೇಲೆ ಸಾಲಾಗಿ ತಲೆಗಳು.

“ಅಯ್ಯಯ್ಯೋ, ಮಣ್ಣಿಗೆ ಹಾಕಾಕತ್ತಾರಲೋ!”

“ಕೆಂಪನ್ನದು ಹಳೇ ಮಾಲು ನೋಡು.”

“ಆ ಇರಿವಿಗಳ ಪುಣ್ಯ ನಮಗಿಲ್ಲಪಾ.”

ಸ್ಟ್ಯಾಂಡಿನ ಮುದುಕ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡ. ಪೇದೆಯೂ ಬಗ್ಗಿಸುವಾಗ ಮುಖವನ್ನು ಅಷ್ಟು ಹತ್ತಿರ ಒಯ್ಯುವ ಅಗತ್ಯವಿರಲಿಲ್ಲ. ಖಾಲಿ ಬಾಟಲಿಗಳನ್ನೂ ಜಾಲಿಯ ಮೂಟೆಯನ್ನೂ ಫೌಜದಾರರು ನನಗೆ ಮರಳಿಸಿದರು. “ಚಕ್ಕಿ ಒಯ್ಯಾಕ ಪರವಾನಗಿ ಬ್ಯಾಡ. ಆದ್ರ ಬೆಲ್ಲದ ಅಂಗಡಿ ಕಡೆ ಹಾಯಬ್ಯಾಡ” ಎಂದು ಮೀಸೆಯಡಿ ನಕ್ಕರು.

ಹಾವೇರಿಯ ಮೇಲೆ ಹಾಯ್ದು ಸವಣೂರು ಸೇರಿದೆವು. ಅಲ್ಲಿ ದೇಸಾಯಿ ಮಠದ ಅಂಗಳದ ದೊಡ್ಡ ಹುಣಸೆ ನೋಡಲೇಬೇಕೆಂದು ಎಳೆದೊಯ್ದ. ಹುಣಸೆಯೆಂದು ಹೆಸರಷ್ಟೇ, ಆನೆಯ ಮೈಬಣ್ಣದ, ಒಂದು ಮನೆಯಷ್ಟು ಸುತ್ತಳತೆಯ ಬೇರೆಯೇ ಮರ. ಅಂಥವು ಮೂರು. ಯಾವ ಕಾಲದಲ್ಲಿ ಯಾರು ಯಾವ ದೇಶದಿಂದ ತಂದರೋ. ತೊಗಟೆ ಮುಟ್ಟಲು ಅಲ್ಲಿಯವರು ಬಿಡಲಿಲ್ಲ, ಅದು ಸರಿಯೂ ಹೌದು. ಉದುರಿದ ಕಾಯಿ ಒಂದನ್ನು ಕೊಟ್ಟರು, ದೇಸಾಯಿಗೆ ಕೊಟ್ಟರು.

ಅಲ್ಲಿ ಅವನಿಗೆ ಇನ್ನೊಬ್ಬ ಅತ್ತೆ ಇದ್ದರು. ನಾನು ಮೂಟೆ ಹೆಗಲಿಗೇರಿಸಿ, “ನೀ ಹೋಗು. ನಾ ಗಾಣಿಗೇರ ಓಣಿಗೆ ಹೊಂಟೇನಿ” ಎಂದೆ.

“ಅಲ್ಲಿ ನಿನ್ನವ್ರು ಯಾರದಾರ?”

“ಯಾರೂ ಇಲ್ಲ. ಹೋದಮ್ಯಾಲ ಆಗ್ತಾರ.”

ಅವನು ಅತ್ತೆಯ ಮನೆಯ ದಾರಿ ಬಿಟ್ಟು ನನ್ನ ಹಿಂದೆಯೇ ಬಂದ. 

ಹಿಂಡಿಯ ವಾಸನೆ ಹಿಡಿದು ಹೋದರೆ ಸಾಕಿತ್ತು. ಗಂಗವ್ವ, ಫಕೀರಪ್ಪ ಎಂಬ ಗಂಡಹೆಂಡತಿ ಗಾಣ ತೊಳೆಯುತ್ತಿದ್ದರು. ಗಂಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾರ ಪೈಕಿ ತಮ್ಮಾ?” ಎಂದಳು. ಶಿಗ್ಗಾವಿಯಲ್ಲಿ ಕೇಳಿದ್ದೂ ಅದೇ ಮಾತು. ಆದರೆ ನನ್ನ ಉತ್ತರ ಕೇಳಿ ಇವಳು, “ನಮ್ಮವನ ಅಲ್ಲೇನ! ಕುಂದ್ರಪಾ” ಎಂದು ಕಂಬಳಿ ಹಾಸಿದಳು. “ಎಷ್ಟ್ ಕಲ್ತೀ?”

“ಎಂ.ಎಸ್ಸಿ. ಮುಗಿಸೇನಿ, ಅವ್ವಾ.”

“ಮ್ಯಾಟ್ರಿಕ್ಕಿಗಿಂತ ಮ್ಯಾಲೇನದು?”

“ಭಾಳ ಮ್ಯಾಲ.”

ಫಕೀರಪ್ಪ ಕೈ ಒರೆಸಿಕೊಳ್ಳದೆಯೇ ಓಣಿಗೆ ಓಡಿದ. ಸ್ವಲ್ಪ ಹೊತ್ತಿನಲ್ಲಿ ಅಂಗಳದ ತುಂಬ ಜನ. ಗಾಣಿಗರ ಹುಡುಗ ಎಂ.ಎಸ್ಸಿ. ಮಾಡಿದರೆ ಹೇಗೆ ಕಾಣುತ್ತಾನೆಂದು ನೋಡಲು ಬಂದಿದ್ದರು. ಒಬ್ಬ ಅಜ್ಜ ನನ್ನ ಅಂಗೈ ಹಿಡಿದು ತಿರುಗಿಸಿ ನೋಡಿ, “ಕೈಯಾಗ ಇನ್ನೂ ಜಡ್ಡು ಐತಿ. ನಮ್ಮಂವ ಖರೆ” ಎಂದ. ಆಮೇಲೆ ಗಂಗವ್ವನ ಕಣ್ಣು ದೇಸಾಯಿಯ ಮೇಲೆ ಬಿತ್ತು. “ಇವ್ರು ಯಾರು? ನಿನ್ನ ಕೈಕೆಳಗಿನವ್ರೇನು?”

ನಾನು ತಡೆದು ಉತ್ತರ ಕೊಟ್ಟೆ. ಎಷ್ಟು ತಡೆಯಬಹುದೋ ಅಷ್ಟು ತಡೆದೆ. “ಇಲ್ಲವ್ವಾ. ನನ್ನ ಜೋಡಿ ಕೆಲಸ ಮಾಡತಾರ.”

ಸ್ಪಿರಿಟ್ಟು ಇಲ್ಲದಿದ್ದರೇನು, ನೀರಿದೆ ಎಂದು ದಾರಿಯಲ್ಲೇ ನಿರ್ಧರಿಸಿದ್ದೆ. ನೀರಿನ ಕಷಾಯ ಬೇಗ ಕೆಡುತ್ತದೆಂದು ಪ್ರೊಫೆಸರು ಹೇಳಿದ್ದು ನೆನಪಿತ್ತು. ಆದರೆ ಅವ್ವನ ಕಷಾಯ ವಾರಗಟ್ಟಲೆ ಕೆಡದೆ ಇದ್ದದ್ದೂ ನೆನಪಿತ್ತು. ಗಂಗವ್ವ ಕಬ್ಬಿಣದ ಕಡಾಯಿ ತಂದಳು; ಕಬ್ಬಿಣ ತಾಗಿದರೆ ಜಾಲಿಯ ರಸ ಮಸಿಯಂತೆ ಕಪ್ಪಾಗುತ್ತದೆ, ಮಣ್ಣಿನ ಗಡಿಗೆ ಬೇಕೆಂದೆ. ಹೊಸ ಗಡಿಗೆಯನ್ನೇ ಇಳಿಸಿಕೊಟ್ಟಳು. ದೇಸಾಯಿಗೆ, “ಸುಮ್ಮನ ಯಾಕ ನಿಂತೀರಿ, ಕಟಗಿ ಮುರೀರಿ” ಎಂದು ಹೇಳಿದ್ದು ಅವಳೇ, ನಾನಲ್ಲ. ಅವನು ಕೋಟು ಕಳಚಿ ಕಟ್ಟಿಗೆ ಮುರಿದ. ಸಂಜೆಯವರೆಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ, ತೊಳೆದ ಬಾಟಲಿಗಳಿಗೆ ಬಿಸಿಬಿಸಿಯಾಗಿಯೇ ತುಂಬಿ ಮೇಣ ಹಚ್ಚಿದೆ. ಬಣ್ಣ ಗಟ್ಟಿ ಚಹದಂತೆ. ಊಟಕ್ಕೆ ರೊಟ್ಟಿ, ಕುಸುಬಿ ಎಣ್ಣೆ ಹಾಕಿ ಕಲಸಿದ ಖಾರ, ಹಸಿ ಉಳ್ಳಾಗಡ್ಡಿ. ಇಡೀ ಪ್ರವಾಸದಲ್ಲಿ ನಾನು ಹೊಟ್ಟೆ ತುಂಬ ಉಂಡದ್ದು ಅಲ್ಲಿಯೇ.

ಮರುದಿನ ಬೆಳಿಗ್ಗೆ ಹೊರಡುವಾಗ ಗಂಗವ್ವ ಸವಣೂರಿನ ವೀಳ್ಯದೆಲೆಯ ಕಟ್ಟು ಕೊಟ್ಟಳು. ಯಲವಿಗಿಯ ಸ್ಟೇಶನ್ನಿಗೆ ಚಕ್ಕಡಿ ಮಾಡಿಕೊಂಡೆವು. ಆರೇಳು ಮೈಲು, ಕರಿಮಣ್ಣಿನ ದಾರಿ. ದೇಸಾಯಿ ಎಲೆ ಜಗಿಯುತ್ತ, “ಎಷ್ಟ್ ಮನಿ ಉಂಡೆ ನಾ. ಒಬ್ಬರರ ನೀ ಏನ್ ಕಲ್ತೀ ಅಂತ ಕೇಳಿದ್ರೇನು? ಮದುವಿ ಯಾವಾಗ, ಅಪ್ಪಗ ಆರಾಮೇನು, ಆ ಹೊಲದ ವ್ಯಾಜ್ಯ ಏನಾತು. ಅಷ್ಟ” ಎಂದ. ಅವನ ದನಿಯಲ್ಲಿ ಇದ್ದದ್ದನ್ನು ನಾನು ಬಲ್ಲೆ. ವರ್ಷಗಟ್ಟಲೆ ಅದನ್ನೇ ಸಾಕಿಕೊಂಡವನು ನಾನು. ಅವನಿಗೂ ನನ್ನ ಮೇಲೆ ಹೊಟ್ಟೆಕಿಚ್ಚಾಗಬಹುದೆಂದು ತಿಳಿದು ನನಗೆ ಬಹಳ ಸಂತೋಷವಾಯಿತು. ಮುಚ್ಚಿಡುವುದೇನು, ಹೊಲದ ತುಂಬ ಬೆಳೆದ ಹತ್ತಿಯೂ ಆಗ ಹೆಚ್ಚು ಬೆಳ್ಳಗೆ ಕಂಡಿತು.

ಹರಿಹರದ ಕಡೆಯಿಂದ ಬಂದ ಗಾಡಿಯಲ್ಲಿ ಹುಬ್ಬಳ್ಳಿಗೆ ಕುಳಿತೆವು. ಮೂರನೇ ದರ್ಜೆ, ಇದ್ದಲಿನ ಹೊಗೆ, ಕಾಲಿಡಲು ಜಾಗವಿಲ್ಲ. ಆ ಸಂತೋಷದ ಬಲದಲ್ಲಿಯೇ ಕೇಳಿದೆ: “ಹಿರೇಕೆರೂರಾಗ ನೀ ಬಾಯಿ ತಗದಿದ್ದೆಲ್ಲ, ಏನ್ ಹೇಳಾಂವ ಇದ್ದಿ? ನಿನ್ನ ಪೆಟಿಗೀನ ಚೆಲ್ರಿ ಅಂತಿದ್ದೇನು?”

ಅವನು ಆಶ್ಚರ್ಯದಿಂದ ನೋಡಿದ. “ನಂದ್ಯಾಕ ಚೆಲ್ಲಸಲಿ? ಹೊನ್ನಿ ಇತ್ತು ಅದರಾಗ! ಫೌಜದಾರರು ನಮ್ಮಪ್ಪನ ಗುರುತಿನವ್ರು, ಅಪ್ಪನ ಹೆಸರು ಹೇಳಿದ್ರ ಎರಡೂ ಬಿಡ್ತಿದ್ರು. ಹೇಳಾಕ ಬಾಯಿ ತಗದ್ರ ನೀ ಗಂಟ್ಲ ಹರಕೊಂಡಿ.”

ಗಾಡಿ ಕುಂದಗೋಳ ದಾಟುವವರೆಗೆ ಲೆಕ್ಕ ಹಾಕಿದೆ. ಅವನ ದೊಡ್ಡತನವನ್ನೂ ನಾನೇ ಕಟ್ಟಿ, ಅದರ ಮೇಲೆ ನಾನೇ ಹೊಟ್ಟೆಕಿಚ್ಚುಪಟ್ಟು, ನನ್ನ ಮತ್ತಿ ಅಳಲೆಗಳನ್ನು ಇರುವೆಗಳಿಗೆ ಕುಡಿಸಿದ್ದೆ. ಆದರೂ ಎಷ್ಟು ತಿರುಗಿಸಿ ನೋಡಿದರೂ, ಅವನ ಅಪ್ಪನ ಹೆಸರಿನ ಮೇಲೆ ಉಳಿದ ಬಾಟಲಿ ನನಗೆ ಬೇಕಿರಲಿಲ್ಲ. ಹಾಗೆಂದು ಅವನಿಗೆ ಹೇಳಿದೆ. “ನೀ ಹುಚ್ಚಂವದಿ” ಎಂದು ಅವನು ನಿದ್ದೆ ಹೋದ.

ಪ್ರಯೋಗಶಾಲೆಯಲ್ಲಿ ತಟ್ಟೆಗಳನ್ನಿಟ್ಟೆವು. ಮರುದಿನ ಮುಚ್ಚಳ ತೆಗೆದಾಗ ಅವನ ಹೊನ್ನೆಯ ಸುತ್ತ ಅಗಲವಾದ ಬಯಲು. ನನ್ನ ಜಾಲಿಯ ಸುತ್ತಲೂ ಬಯಲು, ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಪ್ರೊಫೆಸರು ಅಳತೆಪಟ್ಟಿ ಇಟ್ಟು ಎರಡು ಸಲ ನೋಡಿದರು. “ಗಾಣಿಗೇರ, ಇದು ನೀರಿನದೇ?” ಎಂದರು. ಹೌದೆಂದೆ. ಆದರೆ ದೇಸಾಯಿಯ ಬಳಿ ಬೇವು, ಹೊಂಗೆ, ಹೊನ್ನೆ ಎಲ್ಲ ಇದ್ದವು. ನನ್ನ ಬಳಿ ಬೇಲಿಯ ಗಿಡ ಒಂದೇ. “ಒಂದೇ ಗಿಡ ಹಿಡಿದುಕೊಂಡು ನಿನ್ನನ್ನು ಹೇಗೆ ಕಳಿಸಲಿ?” ಎಂದರು. ಅವರ ಮಾತು ತಪ್ಪಲ್ಲ. ಮುಂಬೈಗೆ ದೇಸಾಯಿಯ ಹೆಸರು ಹೋಯಿತು. ಎಣ್ಣೆಯ ಫಲಿತಾಂಶ ಬರುವಷ್ಟರಲ್ಲಿ ಅವನ ಟಿಕೀಟು ಆಗಿತ್ತು. ಬಿಸಿಲಲ್ಲಿಟ್ಟ ಬಾಟಲಿಗಳೆಲ್ಲ ಒಂದೊಂದಾಗಿ ಕಮಟಾದವು, ಹೊನ್ನೆಯದೂ ಆಯಿತು. ಜಾಲಿ ಬೆರೆಸಿದ ಎಣ್ಣೆ ಮಾತ್ರ ಗಾಣದಿಂದ ಈಗ ಇಳಿಸಿದಂತೆ ಘಮಘಮಿಸುತ್ತಿತ್ತು.

ಧಾರವಾಡದ ಸ್ಟೇಶನ್ನಿಗೆ ಅವನನ್ನು ಕಳಿಸಲು ಹೋದೆ. ಹೋಗದಿದ್ದರೆ ಮಂದಿ ಏನೆನ್ನುತ್ತಾರೆ? ಹಾರಗಳು, ಬುಟ್ಟಿಗಳು, ಅತ್ತೆಯರು. ಅವನು ಗುಂಪು ಸರಿಸಿ ಬಾಗಿಲಿಗೆ ಬಂದು ನನಗೆ, “ಬಸಣ್ಣ, ನಿನ್ನ ಮೂಟ್ಯಾಗಿಂದು ಒಂದ್ ಬೊಗಸಿ ಜಾಲಿ ಕಳಸು. ಅಲ್ಲೆ ದೊಡ್ಡ ದೊಡ್ಡ ಯಂತ್ರ ಅದಾವಂತ, ನೋಡ್ತೇನಿ” ಎಂದ.

“ಕೊಡಂಗಿಲ್ಲ.”

“ಯಾಕೋ?”

“ಮುಂಬೈಯವ್ರಿಗೆ ಜಾಲಿ ಬೇಕಾದ್ರ ನನ್ನ ಕರಸ್ಲಿ.”

ಅವನು ನಗಲಿಲ್ಲ. ತಲೆಯಾಡಿಸಿ, “ಕರಸ್ತೇನಿ” ಎಂದ. ಅಲ್ಲಿಯೂ ತಾನೇ ಕರೆಸುವವನು! ಗಾಡಿ ಹೊರಟಿತು. ಅವನು ಕೈ ಬೀಸಿದ. ನಾನೂ ಬೀಸಿದೆ, ಎಲ್ಲರೂ ನೋಡುತ್ತಿದ್ದರು.

ಅಲ್ಲಿಂದ ನೆಟ್ಟಗೆ ಕಾಲೇಜಿಗೆ ಹೋಗಿ ಸ್ಪಿರಿಟ್ಟಿನ ಪರವಾನಗಿಗೆ ಅರ್ಜಿ ಬರೆದೆ. ಎರಡು ಪೆಟ್ಟಿಗೆ, ಒಬ್ಬನೇ ಮನುಷ್ಯ. ಅರ್ಜಿದಾರನ ಹೆಸರು ಕೇಳಿದ್ದರು, ತಂದೆಯ ಹೆಸರು ಕೇಳಿದ್ದರು, ತಂದೆಯ ಉದ್ಯೋಗವನ್ನೂ ಕೇಳಿದ್ದರು. ಮೂರನ್ನೂ ದೊಡ್ಡ ಅಕ್ಷರದಲ್ಲಿ ಬರೆದು, ಬರೆದದ್ದನ್ನು ಎರಡು ಸಲ ಓದಿ, ಸಹಿ ಹಾಕಿದೆ.